ದಾಹ, ವಾಕರಿಕೆ ಮತ್ತು ಶಸ್ತ್ರಚಿಕಿತ್ಸೆ: ಬದನಗುಪ್ಪೆ ಸೀಮೆಯಿಂದ ಕಂಡ ಆರೈಕೆಯ ಚರಿತ್ರೆ

ಶಸ್ತ್ರಚಿಕಿತ್ಸೆಯ ಚರಿತ್ರೆ ಸಾಮಾನ್ಯವಾಗಿ ಶಸ್ತ್ರದ ಚರಿತ್ರೆಯಾಗಿಯೇ ಬರೆಯಲ್ಪಟ್ಟಿದೆ. ಯಾವ ವೈದ್ಯ ಯಾವ ವರ್ಷ ಯಾವ ಅಂಗವನ್ನು ಕತ್ತರಿಸಿ ಜೋಡಿಸಿದ, ಯಾವ ಅರಸು ಯಾವ ಆಸ್ಪತ್ರೆಗೆ ಅಡಿಗಲ್ಲಿಟ್ಟ ಎಂಬ ವಿವರಗಳು ದೊರೆಯುತ್ತವೆ. ಶಸ್ತ್ರಕ್ರಿಯೆ ಮುಗಿದ ಮೇಲಿನ ರಾತ್ರಿಯನ್ನು ರೋಗಿ ಹೇಗೆ ಕಳೆದ ಎಂಬುದು ಮಾತ್ರ ದೊರೆಯುವುದಿಲ್ಲ. ಮಂಪರು ಹರಿದು ಕಣ್ಣು ತೆರೆದ ರೋಗಿ ಮೊದಲು ಕೇಳುವುದು ಗಾಯದ ವಿಚಾರವನ್ನಲ್ಲ, ನೀರನ್ನು. ಅದಕ್ಕೆ ದೊರೆಯುತ್ತಿದ್ದ ಉತ್ತರವೂ ಒಂದೇ: ಈಗ ಕೊಡಬಾರದು. ನಮ್ಮ ಆಸ್ಪತ್ರೆಗಳಲ್ಲಿ ಮೂರು ನಾಲ್ಕು ತಲೆಮಾರುಗಳು ಕೇಳಿಸಿಕೊಂಡ ಈ ಉತ್ತರ ಎಲ್ಲಿಂದ ಬಂತು, ಅದಕ್ಕೆ ಮೊದಲು ಇದ್ದ ಎಲ್ಲೆ ಯಾವುದು, ಆ ಎಲ್ಲೆ ಯಾವಾಗ ಅಳಿಯಿತು ಮತ್ತು ಅಳಿದಾಗ ಅದರ ಭಾರವನ್ನು ಹೊತ್ತವರು ಯಾರು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಈ ಪರಿಶೀಲನೆಗೆ ಚಾಮರಾಜನಗರ ತಾಲ್ಲೂಕಿನ ಬದನಗುಪ್ಪೆಯನ್ನು ನಿಲ್ಲುವ ನೆಲೆಯಾಗಿ ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಮೈಸೂರು–ಚಾಮರಾಜನಗರ ರೈಲುಮಾರ್ಗದ ನಿಲ್ದಾಣಗಳಲ್ಲಿ ಒಂದಾದ ಈ ಊರು ಇಂದು ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದಿಂದಾಗಿ ಹೆಸರು ಪಡೆದಿದೆ. ಇಪ್ಪತ್ತನೆಯ ಶತಮಾನದ ಮೂರನೆಯ ದಶಕದಲ್ಲಿ ಚಾಮರಾಜನಗರದವರೆಗೆ ರೈಲು ಬಂದ ಮೇಲೆ ಇಂಥ ಊರುಗಳ ಜನಕ್ಕೆ ದೊಡ್ಡ ಶಸ್ತ್ರಚಿಕಿತ್ಸೆಯೆಂದರೆ ಮೈಸೂರಿನ ದಾರಿ. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು ೧೯೯೭ರಲ್ಲಿ. ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು ೨೦೧೬ರಲ್ಲಿ. ಹೀಗಾಗಿ ಬಹುಕಾಲ ಇಲ್ಲಿಯ ರೋಗಿಗೆ ಶಸ್ತ್ರಚಿಕಿತ್ಸೆ ಎಂಬುದು ಒಂದು ಪ್ರಯಾಣವಾಗಿತ್ತು, ಮತ್ತು ಆ ಪ್ರಯಾಣದಲ್ಲಿ ಜೊತೆಗೊಬ್ಬರು ಇರಲೇಬೇಕಿತ್ತು. ತಾಯಿಯೋ ಹೆಂಡತಿಯೋ ಮಗಳೋ ಆದ ಆ ಜೊತೆಯವರು ಮಂಚದ ಪಕ್ಕದಲ್ಲಿ ಕುಳಿತು ಮಾಡಿದ ಕೆಲಸವೇ ಈ ಚರಿತ್ರೆಯ ಅರ್ಧ ಭಾಗ. ಆ ಭಾಗಕ್ಕೆ ಆಸ್ಪತ್ರೆಯ ದಾಖಲೆಯಲ್ಲಿ ಅಂಕಣವಿಲ್ಲ.

ಎರಡನೆಯ ಕಾರಣ ಇನ್ನೂ ಹಳೆಯದು. ಇದೇ ತಾಲ್ಲೂಕಿನ ಮಲೆಯೂರಿನ ಕನಕಗಿರಿ ಜೈನರ ಪವಿತ್ರ ಕ್ಷೇತ್ರ. ‘ರಾಜಾವಳೀಕಥೆ’ಯ ದೇವಚಂದ್ರ ಇಲ್ಲಿಯವನು. ಪೂಜ್ಯಪಾದರು ತಪಸ್ಸು ಮಾಡಿದ ನೆಲ ಇದೆಂದು ಕ್ಷೇತ್ರದ ಪರಂಪರೆ ಹೇಳುತ್ತದೆ. ಪೂಜ್ಯಪಾದರ ಹೆಸರು ವ್ಯಾಕರಣದೊಡನೆ ಸೇರಿರುವಂತೆ ವೈದ್ಯದೊಡನೆಯೂ ಸೇರಿದೆ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ ಅವರದೆನ್ನಲಾದ ಸಂಸ್ಕೃತ ಗ್ರಂಥವನ್ನು ಕನ್ನಡಕ್ಕೆ ತಂದ ಕೃತಿ. ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯನು ಸಂಸ್ಕೃತದಲ್ಲಿ ರಚಿಸಿದ ‘ಕಲ್ಯಾಣಕಾರಕ’ವು ತನ್ನ ಪೂರ್ವಾಚಾರ್ಯರನ್ನು ಹೆಸರಿಸುವಾಗ ಶಾಲಾಕ್ಯಕ್ಕೆ ಪೂಜ್ಯಪಾದರನ್ನೂ ಶಲ್ಯತಂತ್ರಕ್ಕೆ ಪಾತ್ರಸ್ವಾಮಿಯನ್ನೂ ನೆನೆಯುತ್ತದೆ. ಅಂದರೆ ಕನ್ನಡ ನಾಡಿನ ಜೈನ ವೈದ್ಯಪರಂಪರೆ ತನಗೆ ಶಸ್ತ್ರವಿದ್ಯೆಯ ಪೂರ್ವಿಕರಿದ್ದರೆಂದು ತಿಳಿದಿತ್ತು. ಈ ಪರಂಪರೆಯ ವಿಶೇಷವೆಂದರೆ ಔಷಧದಲ್ಲಿ ಮದ್ಯ, ಮಾಂಸ, ಮಧುಗಳನ್ನು ತ್ಯಜಿಸಿದ್ದು. ನಮ್ಮ ವಿಷಯಕ್ಕೆ ಇದು ಏಕೆ ಮುಖ್ಯ ಎಂಬುದು ಸುಶ್ರುತನನ್ನು ನೋಡಿದರೆ ತಿಳಿಯುತ್ತದೆ.

ಸುಶ್ರುತಸಂಹಿತೆಯ ಸೂತ್ರಸ್ಥಾನವು ಶಸ್ತ್ರಕರ್ಮಕ್ಕೆ ಮೊದಲು ರೋಗಿಗೆ ಇಷ್ಟವಾದ ಆಹಾರ ಕೊಡಬೇಕೆಂದೂ ಮದ್ಯದ ಅಭ್ಯಾಸವಿದ್ದು ನೋವು ತಡೆಯಲಾರದವನಿಗೆ ತೀಕ್ಷ್ಣ ಮದ್ಯ ಕುಡಿಸಬೇಕೆಂದೂ ವಿಧಿಸುತ್ತದೆ. ಅನ್ನ ತಿಂದವನು ಮೂರ್ಛೆ ಹೋಗುವುದಿಲ್ಲ, ಅಮಲೇರಿದವನಿಗೆ ಶಸ್ತ್ರದ ಅರಿವಾಗುವುದಿಲ್ಲ ಎಂಬುದು ಅಲ್ಲಿನ ತರ್ಕ. ಆದರೆ ಇದೇ ಗ್ರಂಥ ಇನ್ನೊಂದೆಡೆ ಒಂದು ಅಪವಾದವನ್ನು ಹೇಳುತ್ತದೆ. ಮೂಢಗರ್ಭ, ಉದರ, ಅರ್ಶಸ್ಸು, ಅಶ್ಮರಿ, ಭಗಂದರ ಮತ್ತು ಮುಖರೋಗ ಇವುಗಳಲ್ಲಿ ರೋಗಿ ಉಂಡಿರಬಾರದು. ಉಣ್ಣುವುದೋ ಉಪವಾಸವೋ ಎಂಬುದು ಎಲ್ಲರಿಗೂ ಒಂದೇ ಕಟ್ಟಳೆಯಾಗಿರದೆ ಶಸ್ತ್ರ ಬೀಳುವ ಸ್ಥಾನವನ್ನು ನೋಡಿ ನಿರ್ಧರಿಸುವ ಮಾತಾಗಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ಈ ವಿವೇಕ ಮುಂದೆ ಕಳೆದುಹೋದ ಬಗೆಯನ್ನು ನೋಡಲಿದ್ದೇವೆ.

ಗಾಯಗೊಂಡವನ ಆರೈಕೆಗೆ ಮೀಸಲಾದ ಅಧ್ಯಾಯದಲ್ಲಿ ಸುಶ್ರುತನು ಗಾಳಿ ಬಿಸಿಲು ನುಗ್ಗದ ಶುಚಿಯಾದ ಮನೆ, ಇಕ್ಕಟ್ಟಿಲ್ಲದ ಹಾಸಿಗೆ, ಹಿತವಾದ ಕಥೆಗಳನ್ನು ಹೇಳುತ್ತ ಬಳಿಯಲ್ಲಿರುವ ಗೆಳೆಯರು ಇವೆಲ್ಲವನ್ನೂ ಚಿಕಿತ್ಸೆಯ ಅಂಗವಾಗಿಯೇ ಎಣಿಸುತ್ತಾನೆ. ಊಟದ ವಿಷಯದಲ್ಲಿ ಹಳೆಯ ಅಕ್ಕಿಯ ಬಿಸಿ ಅನ್ನ, ಸ್ವಲ್ಪ ಜಿಡ್ಡು, ದ್ರವ ಹೆಚ್ಚಾಗಿರುವ ಅಡುಗೆ. ಕುಡಿಯಲು ಕಾಯಿಸಿದ ನೀರು. ನೀರನ್ನು ತಡೆಯುವ ಮಾತಿಲ್ಲ. ದಾಹ ಮತ್ತು ವಾಂತಿಗಳನ್ನು ತೃಷ್ಣಾ, ಛರ್ದಿ ಎಂಬ ಹೆಸರಿನಲ್ಲಿ ಚರಕ ಸುಶ್ರುತರಿಬ್ಬರೂ ಪ್ರತ್ಯೇಕ ಅಧ್ಯಾಯಗಳಲ್ಲಿ ವಿವರಿಸಿದ್ದಾರೆ. ಜ್ವರದ ದಾಹಕ್ಕೆ ಚರಕ ಹೇಳುವ ಷಡಂಗಪಾನೀಯದಲ್ಲಿ ಭದ್ರಮುಷ್ಟಿ, ಪರ್ಪಾಟಕ, ಲಾವಂಚ, ಚಂದನ, ಬಾಳದ ಬೇರು, ಶುಂಠಿ ಇವೆ. ಅಂದರೆ ನೀರನ್ನು ನಿಲ್ಲಿಸದೆ ಅದನ್ನು ಸಂಸ್ಕರಿಸಿ ಕೊಡುವ ಕ್ರಮ. ಇನ್ನು ಜೈನ ವೈದ್ಯರು ಮದ್ಯವನ್ನು ಬಿಟ್ಟಾಗ ಸುಶ್ರುತನ ಏಕೈಕ ಮಂಪರು ಅವರ ಕೈತಪ್ಪಿತು. ಅದರ ಬದಲಿಗೆ ಅವರ ವೈದ್ಯ ಔಷಧ, ಕ್ಷಾರ, ಪಥ್ಯಗಳ ಕಡೆಗೆ ವಾಲಿತೆಂದು ಊಹಿಸಲು ಅವಕಾಶವಿದೆಯಾದರೂ ಅದು ಊಹೆ ಮಾತ್ರ.

ಅರಿವಳಿಕೆಗೆ ಮುಂಚಿನ ಶಸ್ತ್ರಕ್ರಿಯೆಗಳಲ್ಲಿ ವಾಕರಿಕೆ ಒಂದು ಸಮಸ್ಯೆಯಾಗಿ ಕಾಣಿಸಿಕೊಳ್ಳುವುದಿಲ್ಲ. ಮೈಸೂರಿಗೆ ಸಂಬಂಧಿಸಿದ ಪ್ರಸಿದ್ಧ ಉದಾಹರಣೆಯೊಂದಿದೆ. ೧೭೯೨ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿಯವನಾಗಿದ್ದ ಕಾವಸ್ಜಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗು ಕಳೆದುಕೊಂಡ. ಪುಣೆಯ ಬಳಿ ಸ್ಥಳೀಯ ಶಸ್ತ್ರವೈದ್ಯನೊಬ್ಬ ಹಣೆಯ ಚರ್ಮದಿಂದ ಅವನಿಗೆ ಹೊಸ ಮೂಗು ಕಟ್ಟಿದ. ೧೭೯೪ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪ್ರಕಟಿಸಿದ ವರದಿಯಲ್ಲಿ ಐದಾರು ದಿನ ಅಂಗಾತ ಮಲಗಿಸುವುದು, ಹತ್ತನೆಯ ದಿನ ಮೆತ್ತನೆಯ ಬಟ್ಟೆಯ ತುಂಡುಗಳನ್ನು ಹೊಳ್ಳೆಗಳಿಗೆ ಇಡುವುದು ಮುಂತಾದ ಆರೈಕೆಯ ವಿವರಗಳಿವೆ. ಆ ಕಾಲದ ರೋಗಿಯ ಶತ್ರುಗಳು ನೋವು, ರಕ್ತಸ್ರಾವ, ಕೀವು. ಶಸ್ತ್ರಕ್ರಿಯೆಯ ಮರುದಿನದ ವಾಕರಿಕೆ ಬಹುಮಟ್ಟಿಗೆ ಅರಿವಳಿಕೆಯ ಮಗು. ಅರಿವನ್ನು ಅಳಿಸುವ ಮದ್ದು ತಾನು ಹೊರಟ ಮೇಲೂ ಹೊಟ್ಟೆಯಲ್ಲಿ ತನ್ನ ಗುರುತನ್ನು ಉಳಿಸಿ ಹೋಗುತ್ತಿತ್ತು.

೧೮೪೬ರ ಅಕ್ಟೋಬರ್ ೧೬ರಂದು ಬಾಸ್ಟನ್‌ನಲ್ಲಿ ಈಥರ್ ಬಳಕೆಯ ಬಹಿರಂಗ ಪ್ರದರ್ಶನ ನಡೆಯಿತು. ಮರುವರ್ಷವೇ ಅದು ಕಲ್ಕತ್ತೆಗೆ ಬಂದಿತು. ೧೮೪೭ರಲ್ಲಿಯೇ ಎಡಿನ್‌ಬರೊದ ಸಿಂಪ್ಸನ್ ಕ್ಲೋರೋಫಾರ್ಮನ್ನು ಬಳಕೆಗೆ ತಂದ. ಈ ಎರಡೂ ಮದ್ದುಗಳು ವಾಂತಿ ತರುವುವೆಂಬುದು ಆರಂಭದಲ್ಲಿಯೇ ತಿಳಿಯಿತು. ಕಾಲರಾ ಸಂಶೋಧನೆಯಿಂದ ಹೆಸರಾದ ಲಂಡನ್ನಿನ ಜಾನ್ ಸ್ನೋ ಅರಿವಳಿಕೆಯ ಮೊದಲ ತಜ್ಞನೂ ಹೌದು. ಹೊಟ್ಟೆ ತುಂಬ ಉಂಡವನಿಗೆ ವಾಂತಿ ಹೆಚ್ಚು, ಆದ್ದರಿಂದ ಊಟಕ್ಕೂ ಕ್ಲೋರೋಫಾರ್ಮಿಗೂ ನಡುವೆ ಕೆಲವು ಗಂಟೆಗಳ ಅಂತರವಿರಲಿ ಎಂದು ಅವನು ಸೂಚಿಸಿದ. ಮಂಪರಿನಲ್ಲಿರುವವನಿಗೆ ವಾಂತಿಯಾದರೆ ಅದು ಶ್ವಾಸನಾಳಕ್ಕೆ ಇಳಿದು ಪ್ರಾಣಕ್ಕೆ ಎರವಾಗಬಹುದು. ಆದ್ದರಿಂದ ಎಚ್ಚರಿಕೆಗೆ ಆಧಾರವಿತ್ತು.

ಕ್ಲೋರೋಫಾರ್ಮಿನ ಸಾಧಕಬಾಧಕಗಳ ದೊಡ್ಡ ಚರ್ಚೆ ನಡೆದದ್ದು ನಮ್ಮ ನೆರೆಯ ಹೈದರಾಬಾದಿನಲ್ಲಿ. ಇಂದಿನ ಬೀದರ್, ಕಲಬುರಗಿ, ರಾಯಚೂರು ಸೀಮೆಗಳೂ ಆಗ ನಿಜಾಮರ ಆಳ್ವಿಕೆಗೆ ಸೇರಿದ್ದವು. ಎಡ್ವರ್ಡ್ ಲಾರಿಯ ಮುಂದಾಳುತನದಲ್ಲಿ ೧೮೮೮ ಮತ್ತು ೧೮೮೯ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳು ಕೆಲಸ ಮಾಡಿದವು. ಎರಡನೆಯದಕ್ಕೆ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯ ಪ್ರತಿನಿಧಿಯಾಗಿ ಲಾಡರ್ ಬ್ರಂಟನ್ ಬರುವಂತೆ ನಿಜಾಮರು ಸಾವಿರ ಪೌಂಡ್ ನೀಡಿದರು. ಕ್ಲೋರೋಫಾರ್ಮ್ ಕೊಡುವಾಗ ನಾಡಿಯನ್ನಲ್ಲ, ಉಸಿರನ್ನು ನೋಡುತ್ತಿರಬೇಕು ಎಂಬುದು ಲಾರಿಯ ಪಂಥ. ಹೃದಯಕ್ಕೆ ನೇರವಾದ ಅಪಾಯವಿಲ್ಲವೆಂಬ ಅವನ ನಿಲುವನ್ನು ಮುಂದಿನ ಸಂಶೋಧನೆ ಒಪ್ಪಲಿಲ್ಲ. ಆ ಕಾಲದ ಹೈದರಾಬಾದಿನಲ್ಲಿ ಕ್ಲೋರೋಫಾರ್ಮ್ ಕೊಡುತ್ತಿದ್ದ ರೂಪಾಬಾಯಿ ಫರ್ದೂನ್‌ಜಿ ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞರೆಂದು ಗಣನೆ ಪಡೆದಿದ್ದಾರೆ. ಆದರೆ ಈ ಇಡೀ ವಾಗ್ವಾದದ ಮಧ್ಯಬಿಂದು ಸಾವು. ಬದುಕಿ ಉಳಿದವನು ಮರುದಿನವೆಲ್ಲ ಪಿತ್ತ ಕಕ್ಕುತ್ತ ಮಲಗಿರುವುದು ವಾದಕ್ಕೆ ಯೋಗ್ಯವಾದ ವಿಷಯವಾಗಲಿಲ್ಲ.

ಹೈದರಾಬಾದಿನ ಆಯೋಗಗಳಿಗೂ ಕೆಲವು ವರ್ಷ ಮೊದಲು ಬಂದ ಒಂದು ಮಾತನ್ನು ಇಲ್ಲಿ ವಿಶೇಷವಾಗಿ ಎತ್ತಿ ಹೇಳಬೇಕು. ಕ್ರಿಮಿನಾಶಕ ಶಸ್ತ್ರಚಿಕಿತ್ಸೆಯ ಪ್ರವರ್ತಕ ಜೋಸೆಫ್ ಲಿಸ್ಟರ್ ೧೮೮೩ರಲ್ಲಿ, ಕ್ಲೋರೋಫಾರ್ಮಿಗೆ ಮುನ್ನ ಹೊಟ್ಟೆಯಲ್ಲಿ ಗಟ್ಟಿ ಪದಾರ್ಥ ಇರಬಾರದೆಂದೂ, ಆದರೆ ಎರಡು ಗಂಟೆ ಮೊದಲು ಒಂದು ಬಟ್ಟಲು ಚಹಾ ಅಥವಾ ಮಾಂಸದ ತಿಳಿಸಾರು ಕೊಡುವುದು ಹಿತವೆಂದೂ ಬರೆದ. ಗಟ್ಟಿ ಬೇರೆ, ತಿಳಿ ಬೇರೆ ಎಂಬ ಎಲ್ಲೆ ಇಲ್ಲಿ ಸ್ಪಷ್ಟವಾಗಿದೆ. ಮುಂದಿನ ನೂರು ವರ್ಷಗಳ ಕಥೆ ಈ ಎಲ್ಲೆ ಅಳಿದುಹೋದ ಕಥೆ.

ಮೈಸೂರು ಸಂಸ್ಥಾನದಲ್ಲಿ ಹೊಸ ಶಸ್ತ್ರಚಿಕಿತ್ಸೆ ನೆಲೆಯೂರಿದ ಘಟ್ಟಗಳು ಸುಪರಿಚಿತವಾದುವು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ೧೯೦೦ರಲ್ಲಿ ತೆರೆಯಿತು. ಮೈಸೂರಿನಲ್ಲಿ ವೆಸ್ಲಿಯನ್ ಮಿಷನ್ನಿನವರ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ೧೯೦೬ರಲ್ಲಿ. ೧೯೨೪ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾದ ವೈದ್ಯಕೀಯ ಕಾಲೇಜು ೧೯೩೦ರಲ್ಲಿ ಮೈಸೂರಿಗೆ ಬಂತು. ಕೃಷ್ಣರಾಜೇಂದ್ರ, ಚೆಲುವಾಂಬ ಆಸ್ಪತ್ರೆಗಳು ಅದರ ಬೋಧನಾ ಆಸ್ಪತ್ರೆಗಳಾದವು. ಬದನಗುಪ್ಪೆ, ಸಂತೇಮರಹಳ್ಳಿ, ತೆರಕಣಾಂಬಿಗಳ ರೋಗಿಗೆ ‘ದೊಡ್ಡಾಸ್ಪತ್ರೆ’ ಎಂದರೆ ಇದು. ಪೂರ್ವಕ್ಕೆ ಕೊಳ್ಳೇಗಾಲದ ಕಡೆಯವರಿಗೆ ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಯೂ, ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಡಾ. ಎಚ್. ಸುದರ್ಶನ್ ಅವರು ೧೯೮೧ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆಯೂ ಹತ್ತಿರವಾದವು.

ಬಾಯಿಯಿಂದ ನೀರು ಕೊಡಲಾಗದ ರೋಗಿಗೆ ನೀರನ್ನು ಬೇರೆ ದಾರಿಯಿಂದ ಕಳುಹಿಸುವ ಯತ್ನಗಳು ಇದೇ ಅವಧಿಯವು. ೧೮೩೨ರಲ್ಲಿಯೇ ಸ್ಕಾಟ್ಲೆಂಡಿನ ಥಾಮಸ್ ಲಾಟಾ ಕಾಲರಾ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರು ಹರಿಸಿದ್ದ. ಆದರೆ ಶುದ್ಧಿಯ ಭರವಸೆಯಿಲ್ಲದ ಕಾಲದಲ್ಲಿ ಆ ಕ್ರಮ ಬೇರೂರಲಿಲ್ಲ. ಶಿಕಾಗೊದ ಜಾನ್ ಮರ್ಫಿ ೧೯೦೯ರ ಸುಮಾರಿಗೆ ಪ್ರಚಾರಕ್ಕೆ ತಂದ ಕ್ರಮದಲ್ಲಿ ಗುದದ್ವಾರದ ಮೂಲಕ ಉಪ್ಪುನೀರನ್ನು ತೊಟ್ಟುತೊಟ್ಟಾಗಿ ಬಿಡುತ್ತಿದ್ದರು. ರೋಗಿಯ ದಾಹ ತಣಿಯುತ್ತಿತ್ತೆಂಬುದೂ ಅದರ ಜನಪ್ರಿಯತೆಗೆ ಒಂದು ಕಾರಣ. ರಕ್ತನಾಳಕ್ಕೆ ಸತತವಾಗಿ ತೊಟ್ಟಿಕ್ಕಿಸುವ ಪದ್ಧತಿಯನ್ನು ರುಡಾಲ್ಫ್ ಮಟಾಸ್ ೧೯೨೪ರಲ್ಲಿ ವಿವರಿಸಿದ. ಅದೇ ಕ್ರಮೇಣ ನಮ್ಮ ಹಳ್ಳಿಗಳ ‘ಬಾಟಲಿ ಹಾಕಿಸುವುದು’, ‘ಗ್ಲೂಕೋಸ್ ಏರಿಸುವುದು’ ಆಯಿತು. ಬಾಟಲಿ ಹಾಕದ ವೈದ್ಯನನ್ನು ವೈದ್ಯನೆಂದೇ ಎಣಿಸದಷ್ಟು ಅದರ ಮೇಲಿನ ಭಕ್ತಿ ಬೆಳೆದದ್ದು ಬೇರೆಯ ಕಥೆ.

ಇನ್ನು ಮನೆಯ ಕಡೆಗೆ ಬರೋಣ. ಹಳೆಯ ಮೈಸೂರು ಸೀಮೆಯಲ್ಲಿ ಕಾಯಿಲೆಯಿಂದ ಏಳುವವನ ಆಹಾರಕ್ಕೆ ಒಂದು ಮೆಟ್ಟಿಲ ಕ್ರಮವುಂಟು: ಮೊದಲು ಅಕ್ಕಿಯ ಗಂಜಿಯ ತಿಳಿ, ಆಮೇಲೆ ಗಂಜಿ, ರಾಗಿಯ ತೆಳು ಅಂಬಲಿ, ಮೆಣಸು ಜೀರಿಗೆಯ ತಿಳಿಸಾರಿನಲ್ಲಿ ಕಲೆಸಿದ ಮೆತ್ತನೆಯ ಅನ್ನ, ಕೊನೆಗೆ ಮುದ್ದೆ. ವಾಕರಿಕೆಗೆ ಒಣಶುಂಠಿ, ಜೀರಿಗೆ ಕಷಾಯ, ನಿಂಬೆ; ನಾಲಿಗೆ ಒಣಗಿದರೆ ಎಳನೀರು. ಜೊತೆಗೆ ‘ನಂಜು’ ಎಂಬ ಕಲ್ಪನೆ. ಗಾಯವಿರುವವನು ಬದನೆ ಮುಂತಾದುವನ್ನು ತಿಂದರೆ ಗಾಯ ನಂಜಾಗಿ ಕೀವು ಕಟ್ಟುತ್ತದೆಂಬ ನಂಬಿಕೆ ಇಂದಿಗೂ ಬಲವಾಗಿದೆ. (ಊರ ಹೆಸರಿನಲ್ಲಿ ಬದನೆ ಕೇಳಿಸುವ ಬದನಗುಪ್ಪೆಯ ವಿಷಯದಲ್ಲಿ ಇದನ್ನು ಬರೆಯುವಾಗ ನಗು ಬರುತ್ತದೆ, ಸ್ಥಳನಾಮದ ನಿಷ್ಪತ್ತಿ ಇಲ್ಲಿ ನಮ್ಮ ವಿಷಯವಲ್ಲ.) ಉಪ್ಪುಳ್ಳ ಗಂಜಿತಿಳಿ ನೀರನ್ನೂ ಲವಣವನ್ನೂ ಪಿಷ್ಟವನ್ನೂ ಒಟ್ಟಿಗೆ ಕೊಡುವ ಸುಲಭ ಪೇಯ. ೧೯೭೧ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲನಬಿಸ್ ಅವರು ಉಪ್ಪು ಸಕ್ಕರೆಯ ದ್ರಾವಣವನ್ನು ಬಾಯಿಯಿಂದ ಕುಡಿಸಿ ಸಾವಿನ ಪ್ರಮಾಣವನ್ನು ಬಹಳವಾಗಿ ತಗ್ಗಿಸಿದಾಗ ಈ ತತ್ತ್ವಕ್ಕೆ ಜಗತ್ತಿನ ಮನ್ನಣೆ ದೊರೆಯಿತು.

ಆದರೆ ಮನೆಯ ಪರಂಪರೆಯನ್ನು ಹೊಗಳಿ ಸುಮ್ಮನಾಗುವುದು ಚರಿತ್ರೆಗೆ ಅಪಚಾರವಾದೀತು. ಇದೇ ಮನೆಗಳಲ್ಲಿ ಬಾಣಂತಿಗೆ ನೀರನ್ನು ಅಳೆದು ಕೊಡುವ ಪದ್ಧತಿಯಿತ್ತು. ಹೆಚ್ಚು ನೀರು ಕುಡಿದರೆ ಹೊಟ್ಟೆ ಇಳಿಯುವುದಿಲ್ಲ, ಶೀತವಾಗುತ್ತದೆ, ಹಾಲು ಕುಡಿಯುವ ಕೂಸಿಗೂ ನೆಗಡಿ ಹಿಡಿಯುತ್ತದೆ ಎಂಬ ಕಾರಣಗಳು. ಸಿಸೇರಿಯನ್ ಶಸ್ತ್ರಕ್ರಿಯೆ ಸಾಮಾನ್ಯವಾದ ಮೇಲೆ ಆಸ್ಪತ್ರೆಯ ನಿಷೇಧವೂ ಮನೆಯ ನಿಷೇಧವೂ ಒಂದೇ ಹೆಂಗಸಿನ ಮೇಲೆ ಒಂದರ ಮೇಲೊಂದು ಬಿದ್ದವು. ದಾದಿಯು ಕುಡಿಯಬಹುದೆಂದು ಹೇಳಿದ ದಿನ ಅತ್ತೆ ಬೇಡವೆನ್ನುತ್ತಿದ್ದಳು. ಎರಡು ಪರಂಪರೆಗಳು ಇಷ್ಟು ಸಲೀಸಾಗಿ ಹೊಂದಿಕೊಂಡ ಇನ್ನೊಂದು ಸಂದರ್ಭವನ್ನು ಕಾಣುವುದು ಕಷ್ಟ.

ಆಸ್ಪತ್ರೆಯ ನಿಷೇಧ ಬಿಗಿಯಾದದ್ದು ಎರಡನೆಯ ಮಹಾಯುದ್ಧದ ನಂತರ. ನ್ಯೂಯಾರ್ಕಿನ ಕರ್ಟಿಸ್ ಮೆಂಡೆಲ್‌ಸನ್ ೧೯೪೬ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದುದು. ೧೯೩೨ರಿಂದ ೧೯೪೫ರವರೆಗಿನ ೪೪,೦೧೬ ಗರ್ಭಿಣಿಯರಲ್ಲಿ ೬೬ ಮಂದಿಗೆ ಅರಿವಳಿಕೆಯ ಸಮಯದಲ್ಲಿ ಹೊಟ್ಟೆಯಲ್ಲಿದ್ದುದು ಶ್ವಾಸಕೋಶಕ್ಕೆ ಇಳಿದಿತ್ತು. ಇಬ್ಬರು ತೀರಿಕೊಂಡರು, ಆ ಎರಡು ಸಾವುಗಳಿಗೂ ಕಾರಣ ಗಟ್ಟಿ ಆಹಾರ ಉಸಿರಿನ ದಾರಿಯನ್ನು ಮುಚ್ಚಿದ್ದು. ಜಠರದ ಆಮ್ಲ ಶ್ವಾಸಕೋಶವನ್ನು ಸುಡುತ್ತದೆಂಬುದನ್ನು ಅವರು ಮೊಲಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಅಧ್ಯಯನ ಅಮೂಲ್ಯವಾದುದು, ಅದರಿಂದ ಉಳಿದ ಜೀವಗಳೂ ನಿಜ. ಆದರೆ ಅದನ್ನು ಓದಿದ ಜಗತ್ತು ಗಟ್ಟಿ ಮತ್ತು ತಿಳಿಯ ನಡುವಿನ ಲಿಸ್ಟರನ ಗೆರೆಯನ್ನು ಅಳಿಸಿಹಾಕಿತು. ಮಧ್ಯರಾತ್ರಿಯಿಂದ ಏನನ್ನೂ ಕೊಡಬೇಡಿ ಎಂಬುದು ಎಲ್ಲ ಶಸ್ತ್ರಕ್ರಿಯೆಗೂ ಎಲ್ಲ ರೋಗಿಗೂ ಒಂದೇ ಆಜ್ಞೆಯಾಯಿತು. ಆಜ್ಞೆ ಬರೆಯುವವರಿಗೆ ಅದು ಸುಲಭವಾಗಿತ್ತು: ಒಂದೇ ಸಾಲು, ಎಲ್ಲ ಮಂಚಗಳಿಗೂ. ಬೆಳಿಗ್ಗೆ ಎಂಟಕ್ಕೆ ಶಸ್ತ್ರಕ್ರಿಯೆಗೊಳಗಾಗುವವನಿಗೆ ಅದು ಎಂಟು ಗಂಟೆಯ ಉಪವಾಸ, ಪಟ್ಟಿಯ ಕೊನೆಯಲ್ಲಿರುವವನಿಗೆ ಹದಿನಾರು ಗಂಟೆ.

ಶಸ್ತ್ರಕ್ರಿಯೆಯ ನಂತರವೂ ಹೊಟ್ಟೆಯ ಶಬ್ದ ಕೇಳುವವರೆಗೆ, ‘ಗ್ಯಾಸ್ ಹೋಗುವ’ವರೆಗೆ ಬಾಯಿಗೆ ಏನೂ ಇಲ್ಲ. ಈ ಸೀಮೆಯ ವಾರ್ಡುಗಳಲ್ಲಿ ಮಲಗಿ ಎದ್ದವರಿಗೆ ‘ಗ್ಯಾಸ್ ಹೋಯಿತೇನಮ್ಮಾ?’ ಎಂಬ ಮುಂಜಾವದ ಪ್ರಶ್ನೆ ಮರೆಯುವುದಿಲ್ಲ. ಹತ್ತು ಜನರ ನಡುವೆ ಉತ್ತರಿಸಲು ನಾಚಿ, ಆಗಿದ್ದರೂ ಇಲ್ಲವೆಂದು ತಲೆಯಾಡಿಸಿ ಇನ್ನೊಂದು ಹೊತ್ತು ನೀರು ಕಳೆದುಕೊಂಡ ಹೆಂಗಸರೂ ಇದ್ದಾರು.

ಈ ಆಜ್ಞೆಯ ಭಾರ ಎಲ್ಲಕ್ಕಿಂತ ಹೆಚ್ಚಾಗಿ ಬಿದ್ದದ್ದು ಸಂತಾನಹರಣ ಶಸ್ತ್ರಕ್ರಿಯೆಗೆ ಬಂದ ಗ್ರಾಮೀಣ ಮಹಿಳೆಯರ ಮೇಲೆ ಎಂಬುದು ಈ ಲೇಖಕನ ಅಭಿಪ್ರಾಯ. ಮೈಸೂರು ಸಂಸ್ಥಾನವು ೧೯೩೦ರಲ್ಲಿಯೇ ಸರ್ಕಾರಿ ಸಂತಾನನಿಯಂತ್ರಣ ಚಿಕಿತ್ಸಾಲಯಗಳಿಗೆ ಅನುಮತಿ ನೀಡಿ ಜಗತ್ತಿನ ಮೊದಲಿಗರಲ್ಲಿ ಒಂದೆನಿಸಿತು. ರಾಷ್ಟ್ರೀಯ ಕುಟುಂಬ ಯೋಜನೆ ಬಂದದ್ದು ೧೯೫೨ರಲ್ಲಿ. ತುರ್ತುಪರಿಸ್ಥಿತಿಯ ಕಾಲದ ಬಲವಂತ ಹೆಚ್ಚಾಗಿ ಗಂಡಸರ ಮೇಲಾಗಿತ್ತು. ಅದರ ಪ್ರತಿಕ್ರಿಯೆಯಾಗಿ ೧೯೭೭ರ ನಂತರ ಕಾರ್ಯಕ್ರಮವು ಹೆಚ್ಚುಕಡಿಮೆ ಪೂರ್ತಿಯಾಗಿ ಹೆಂಗಸರ ಕಡೆಗೆ ತಿರುಗಿತು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ಶಸ್ತ್ರಕ್ರಿಯೆಗೆ ಒಳಗಾದವರು. ನಮ್ಮ ಹಳ್ಳಿಗಳಲ್ಲಿ ‘ಆಪರೇಷನ್’ ಎಂದು ಬರಿದೇ ಹೇಳಿದರೆ ಇದೇ ಎಂದು ಅರ್ಥವಾಗುವುದು ಸುಮ್ಮನೆಯಲ್ಲ. ಆದ್ದರಿಂದ ಶಸ್ತ್ರಚಿಕಿತ್ಸೋತ್ತರ ಅನುಭವದ ಚರಿತ್ರೆಯನ್ನು ಬರೆಯಬೇಕಾದರೆ ದೊಡ್ಡಾಸ್ಪತ್ರೆಯ ಮಂಚಕ್ಕಿಂತ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ಜಗಲಿಯನ್ನು ನೋಡಬೇಕು.

ಶಿಬಿರದ ದಿನವನ್ನು ಹೀಗೆ ಕಲ್ಪಿಸಿಕೊಳ್ಳಬಹುದು. ಹಿಂದಿನ ರಾತ್ರಿಯಿಂದ ಉಪವಾಸ. ನಸುಕಿನಲ್ಲಿ ಎದ್ದು ಬಸ್ಸಿಗೋ ಜೀಪಿಗೋ ಕಾಯುವುದು. ಶಸ್ತ್ರವೈದ್ಯರ ತಂಡ ಬರುವವರೆಗೆ ಸಾಲಿನಲ್ಲಿ ಕೂರುವುದು. ಕಂಕುಳಲ್ಲಿ ಹಾಲು ಕುಡಿಯುವ ಕೂಸು. ಆಮೇಲೆ ಮಂಪರಿನ ಚುಚ್ಚುಮದ್ದು, ಬಾಯಿಯ ಜೊಲ್ಲನ್ನು ಒಣಗಿಸುವ ಅಟ್ರೋಪಿನ್. ಲ್ಯಾಪರೋಸ್ಕೋಪ್ ವಿಧಾನವಾದರೆ ತಲೆ ತಗ್ಗಿಸಿ ಮಲಗಿಸಿ ಹೊಟ್ಟೆಗೆ ಗಾಳಿ ತುಂಬುವುದು. ಮುಗಿದ ಮೇಲೆ ನೆಲದ ಮೇಲೆ ಹಾಸಿದ ಚಾಪೆಯಲ್ಲಿ ಕೆಲವು ಗಂಟೆ, ಅದೇ ಸಂಜೆ ಊರಿಗೆ. ದಾಹ ಮತ್ತು ವಾಕರಿಕೆಗಳಿಗೆ ಇದಕ್ಕಿಂತ ತಕ್ಕ ಏರ್ಪಾಟನ್ನು ಯೋಚಿಸಿ ಮಾಡಲೂ ಆಗುತ್ತಿರಲಿಲ್ಲ.

ಇದು ಭಾವುಕತೆಯ ಮಾತಲ್ಲ. ಜರ್ಮನಿಯ ಕ್ರಿಶ್ಚಿಯನ್ ಆಪ್ಫೆಲ್ ಮತ್ತು ಸಹಲೇಖಕರು ೧೯೯೯ರಲ್ಲಿ ರೂಪಿಸಿದ ಸರಳ ಲೆಕ್ಕದಲ್ಲಿ ವಾಕರಿಕೆಯ ಸಂಭವವನ್ನು ಹೆಚ್ಚಿಸುವ ಅಂಶಗಳು ನಾಲ್ಕು: ಹೆಣ್ಣಾಗಿರುವುದು, ಧೂಮಪಾನ ಮಾಡದಿರುವುದು, ಪ್ರಯಾಣದಲ್ಲಿ ಅಥವಾ ಹಿಂದಿನ ಶಸ್ತ್ರಕ್ರಿಯೆಯಲ್ಲಿ ವಾಂತಿಯಾಗಿರುವುದು, ಶಸ್ತ್ರಕ್ರಿಯೆಯ ನಂತರ ಅಫೀಮಿನ ಜಾತಿಯ ನೋವುನಿವಾರಕ ಪಡೆಯುವುದು. ಒಂದೂ ಇಲ್ಲದವರಲ್ಲಿ ಸಂಭವ ನೂರಕ್ಕೆ ಹತ್ತು; ಒಂದಕ್ಕೆ ೨೦, ಎರಡಕ್ಕೆ ೪೦, ಮೂರಕ್ಕೆ ೬೦, ನಾಲ್ಕೂ ಇದ್ದರೆ ೮೦ರ ಆಸುಪಾಸು. ಸಂಪೂರ್ಣ ಅರಿವಳಿಕೆಗೆ ರೂಪಿಸಿದ ಈ ಲೆಕ್ಕವನ್ನು ಶಿಬಿರದ ಮಂಪರಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಬೀಡಿ ಸೇದದ ನಮ್ಮ ಹಳ್ಳಿಯ ಹೆಂಗಸು ಎರಡು ಅಂಶಗಳನ್ನು ಹೊತ್ತುಕೊಂಡೇ ಬರುತ್ತಾಳೆ ಎಂಬುದು ಸ್ಪಷ್ಟ. ಘಾಟಿಯ ಬಸ್ಸಿನಲ್ಲಿ ನಿಂಬೆಹಣ್ಣು ಮೂಸುತ್ತ ಕೂರುವವಳಾದರೆ ಮೂರು. ‘ಬಸ್ಸಿನಲ್ಲಿ ವಾಂತಿಯಾಗುತ್ತದೆಯೇ?’ ಎಂಬ ಒಂದು ಪ್ರಶ್ನೆಗೆ ಯಾವ ಉಪಕರಣವೂ ಬೇಡ.

ಶಿಬಿರಗಳ ಬಗೆಗೆ ದೇಶ ಎಚ್ಚೆತ್ತುಕೊಂಡದ್ದು ಸಾವುಗಳ ನಂತರ. ೨೦೧೪ರ ನವೆಂಬರ್‌ನಲ್ಲಿ ಛತ್ತೀಸಗಢದ ಬಿಲಾಸಪುರದ ಬಳಿಯ ಶಿಬಿರವೊಂದರಲ್ಲಿ ಒಂದೇ ದಿನ ೮೩ ಮಹಿಳೆಯರಿಗೆ ಶಸ್ತ್ರಕ್ರಿಯೆ ನಡೆದು ಹತ್ತಕ್ಕೂ ಹೆಚ್ಚು ಮಂದಿ ಮೃತಪಟ್ಟರು. ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೬ರ ಸೆಪ್ಟೆಂಬರ್ ೧೪ರಂದು ತೀರ್ಪು ನೀಡಿ ಶಿಬಿರ ಪದ್ಧತಿಯನ್ನು ಮೂರು ವರ್ಷಗಳೊಳಗೆ ಕೊನೆಗೊಳಿಸುವಂತೆ ಸೂಚಿಸಿತು. ಇಲ್ಲಿಯೂ ಚರ್ಚೆಯನ್ನು ತೆರೆದದ್ದು ಸಾವೇ, ಹೈದರಾಬಾದಿನ ಆಯೋಗಗಳ ಕಾಲದಲ್ಲಿದ್ದಂತೆ.

ಇಷ್ಟರಲ್ಲಿ ಅಳಿದ ಗೆರೆಯನ್ನು ಮತ್ತೆ ಎಳೆಯುವ ಕೆಲಸ ಬೇರೆಡೆ ಆರಂಭವಾಗಿತ್ತು. ಕೆನಡಾದ ಮಾಲ್ಟ್‌ಬಿ ಮತ್ತು ಸಂಗಡಿಗರು ೧೯೮೬ರಲ್ಲಿ, ಶಸ್ತ್ರಕ್ರಿಯೆಗೆ ಎರಡು ಮೂರು ಗಂಟೆ ಮೊದಲು ೧೫೦ ಮಿಲಿಲೀಟರ್ ನೀರು ಕುಡಿದವರ ಜಠರದಲ್ಲಿ ಉಪವಾಸವಿದ್ದವರಿಗಿಂತ ಕಡಿಮೆ ದ್ರವವಿತ್ತೆಂದು ತೋರಿಸಿದರು. ನೀರು ಜಠರದಲ್ಲಿ ನಿಲ್ಲುವುದಿಲ್ಲ. ಬೇಗ ಮುಂದಕ್ಕೆ ಹರಿಯುತ್ತದೆ. ೧೯೯೯ರಲ್ಲಿ ಅಮೆರಿಕದ ಅರಿವಳಿಕೆ ತಜ್ಞರ ಸಂಘವು ಆರೋಗ್ಯವಂತ ರೋಗಿಗೆ ತಿಳಿದ್ರವವನ್ನು ಎರಡು ಗಂಟೆ ಮೊದಲಿನವರೆಗೂ ಕೊಡಬಹುದೆಂದು ವಿಧಿಸಿತು. ಭಾರತೀಯ ಅರಿವಳಿಕೆ ತಜ್ಞರ ಸಂಘವೂ ೨೦೨೦ರಲ್ಲಿ ತನ್ನ ಉಪವಾಸ ಮಾರ್ಗಸೂಚಿಯನ್ನು ಪ್ರಕಟಿಸಿತು. ಲಿಸ್ಟರ್ ಹೇಳಿದ್ದೂ ಎರಡೇ ಗಂಟೆ. ನಡುವೆ ಶತಮಾನಕ್ಕೂ ಹೆಚ್ಚು ಕಾಲ ಸಂದಿತ್ತು. ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್ ೧೯೯೦ರ ದಶಕದಲ್ಲಿ ರೂಪಿಸಿದ ಶೀಘ್ರ ಚೇತರಿಕೆಯ ಕ್ರಮವು ಶಸ್ತ್ರಕ್ರಿಯೆಯ ನಂತರದ ನಿಷೇಧವನ್ನೂ ಪ್ರಶ್ನಿಸಿತು. ಕರುಳಿನ ಶಸ್ತ್ರಕ್ರಿಯೆಯಾದವರಿಗೂ ಬೇಗ ಕುಡಿಯಲು, ಉಣ್ಣಲು, ನಡೆಯಲು ಕೊಡುವುದು ಅದರ ಸಾರ. ಔಷಧಗಳ ಕಡೆ ೧೯೯೧ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಆಂಡಾನ್ಸೆಟ್ರಾನ್ ಈಗ ನಮ್ಮ ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ ಅಗ್ಗವಾಗಿ ಸಿಗುವ ಮಾತ್ರೆ.

ಹಾಗಾದರೆ ಮಂಚದ ಪಕ್ಕದಲ್ಲಿ ಕುಳಿತವಳು ಮಾಡುತ್ತಿದ್ದುದೇನು? ಲೋಟದ ನೀರಿನಲ್ಲಿ ಬಟ್ಟೆಯ ತುದಿಯನ್ನೋ ಹತ್ತಿಯನ್ನೋ ಅದ್ದಿ ತುಟಿಗೆ ಒತ್ತುತ್ತಿದ್ದಳು. ದಾದಿ ಅತ್ತ ಹೋದಾಗ ನಾಲಿಗೆಯ ಮೇಲೆ ಒಂದೆರಡು ಹನಿ ಹಿಂಡುತ್ತಿದ್ದಳು. ಇದನ್ನು ಅಜ್ಞಾನವೆಂದು ಗದರಿಸಿದವರುಂಟು. ಆದರೆ ದಾಹವೆಂಬುದು ಒಂದೇ ಮೂಲದಿಂದ ಹುಟ್ಟುವುದಲ್ಲ. ರಕ್ತದ ಲವಣಾಂಶ ಏರಿದುದನ್ನು ಮಿದುಳಿನ ಹೈಪೊಥಲಾಮಸ್ ಗುರುತಿಸುವುದು ಒಂದು. ಒಣಗಿದ ಬಾಯಿ ಗಂಟಲುಗಳಿಂದ ಬರುವ ಸಂವೇದನೆ ಇನ್ನೊಂದು. ರಕ್ತನಾಳಕ್ಕೆ ಏರಿಸಿದ ಬಾಟಲಿ ಮೊದಲನೆಯದನ್ನು ಸರಿಪಡಿಸುತ್ತದೆ, ಎರಡನೆಯದನ್ನು ಮುಟ್ಟುವುದಿಲ್ಲ. ಬಾಟಲಿ ಮುಗಿದರೂ ‘ನೀರು, ನೀರು’ ಎನ್ನುವ ರೋಗಿ ಹಟ ಮಾಡುತ್ತಿರಲಿಲ್ಲ. ಬಾಯಿಯಲ್ಲಿನ ತಂಪನ್ನು ಗುರುತಿಸುವ ನರಗಳಿಗೆ ಸ್ವಲ್ಪ ತಣ್ಣನೆಯ ನೀರು ತಾಗಿದರೂ, ಅದು ಹೊಟ್ಟೆ ಸೇರಿ ಹೀರಲ್ಪಡುವ ಮೊದಲೇ, ದಾಹದ ತೀವ್ರತೆ ಇಳಿಯುತ್ತದೆ. ಬ್ರೆಜಿಲಿನ ಲೊಂಡ್ರಿನಾದ ಶುಶ್ರೂಷಾ ಸಂಶೋಧಕಿಯರು ಚೇತರಿಕೆಯ ಕೋಣೆಯಲ್ಲಿ ಚಿಕ್ಕ ಮಂಜುಗಡ್ಡೆಯನ್ನು ಚೀಪಲು ಕೊಟ್ಟು ಇದನ್ನು ಅಳೆದು ತೋರಿಸಿದ್ದಾರೆ.

ಶುಂಠಿಯದೂ ಇಂಥದೇ ಕಥೆ, ಆದರೆ ಸ್ವಲ್ಪ ತಗ್ಗಿದ ದನಿಯಲ್ಲಿ. ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ಸ್ತ್ರೀರೋಗ ಶಸ್ತ್ರಕ್ರಿಯೆಗೆ ಒಳಗಾದ ೬೦ ಮಹಿಳೆಯರ ಮೇಲೆ ನಡೆದು ೧೯೯೦ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಣಶುಂಠಿ ವಾಕರಿಕೆಯನ್ನು ತಗ್ಗಿಸಿತು. ಮುಂದಿನ ಪ್ರಯೋಗಗಳು ಎಲ್ಲವೂ ಹಾಗೆ ಹೇಳಲಿಲ್ಲ. ಚುಚ್ಚುಮದ್ದಿಗೆ ಮುನ್ನ ಚರ್ಮ ಒರೆಸುವ ಸ್ಪಿರಿಟ್ಟಿನ ಹತ್ತಿಯನ್ನು ಮೂಸಿದರೆ ವಾಕರಿಕೆ ತಗ್ಗುತ್ತದೆಂಬುದಕ್ಕೆ ಇತ್ತೀಚೆಗೆ ಸಾಕಷ್ಟು ಆಧಾರ ದೊರೆತಿದೆ. ನಿಂಬೆಹಣ್ಣಿನ ಬಗೆಗೆ ಅಷ್ಟು ಗಟ್ಟಿಯಾಗಿ ಹೇಳಲಾಗದು. ಪೂರ್ತಿ ಎಚ್ಚರಗೊಳ್ಳದ, ನುಂಗುವ ಕೆಮ್ಮುವ ಶಕ್ತಿ ಮರಳದ ರೋಗಿಯ ಬಾಯಿಗೆ ನೀರು ಹಾಕುವುದು ಇಂದಿಗೂ ಅಪಾಯವೇ. ಕರುಳು ಕಟ್ಟಿಕೊಂಡವರಿಗೆ, ನಿಲ್ಲದೆ ವಾಂತಿಯಾಗುತ್ತಿರುವವರಿಗೆ ಬೇರೆಯದೇ ವಿಧಿ. ಉಂಡಿರಬೇಕೋ ಬೇಡವೋ ಎಂಬುದನ್ನು ಶಸ್ತ್ರ ಬೀಳುವ ಸ್ಥಾನ ನೋಡಿ ಹೇಳಿದ ಸುಶ್ರುತನ ವಿವೇಕವೇ ಇಲ್ಲಿಯೂ ಬೇಕಾದದ್ದು.

ಈ ವಿಷಯದ ಅಧ್ಯಯನಕ್ಕೆ ಆಕರಗಳ ತೊಡಕು ದೊಡ್ಡದು. ಆಸ್ಪತ್ರೆಯ ಕಡತದಲ್ಲಿ ಜ್ವರ, ನಾಡಿ, ರಕ್ತದೊತ್ತಡಗಳಿಗೆ ಅಂಕಣವಿದೆ. ದೇಹಕ್ಕೆ ಹೋದ ದ್ರವ, ಹೊರಬಂದ ಮೂತ್ರಗಳ ಅಳತೆಯಿದೆ. ವಾಂತಿ ಎಷ್ಟು ಸಲ ಆಯಿತೆಂಬುದೂ ಸಿಗಬಹುದು. ರೋಗಿ ಎಷ್ಟು ಸಲ ನೀರು ಕೇಳಿದ ಎಂಬುದು ಸಿಗುವುದಿಲ್ಲ. ಶಿಬಿರಗಳ ದಾಖಲೆಯಲ್ಲಿ ಗುರಿ ಮತ್ತು ಸಾಧನೆಯ ಸಂಖ್ಯೆಗಳು ಮಾತ್ರ. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ಎಂಬತ್ತು ತೊಂಬತ್ತರ ದಶಕದ ಶಿಬಿರಗಳಿಗೆ ಹೋಗಿಬಂದ ಮಹಿಳೆಯರು ಈಗ ಅರವತ್ತರ ಆಚೀಚೆ ಇದ್ದಾರೆ. ಅವರ ಜೊತೆ ಹೋಗಿದ್ದ ಅತ್ತೆ, ತಾಯಂದಿರಲ್ಲಿ ಬಹಳ ಮಂದಿ ಉಳಿದಿಲ್ಲ. ಅಂದು ಸೇವೆಯಲ್ಲಿದ್ದ ಆಯಾಗಳು, ಕಿರಿಯ ಆರೋಗ್ಯ ಸಹಾಯಕಿಯರು ನಿವೃತ್ತರಾಗಿ ಇದೇ ಊರುಗಳಲ್ಲಿದ್ದಾರೆ. ಅವರ ನೆನಪುಗಳನ್ನು ಧ್ವನಿಮುದ್ರಿಸಿಕೊಳ್ಳುವ ಕೆಲಸವನ್ನು ಬದನಗುಪ್ಪೆಯಿಂದಲೂ ಆರಂಭಿಸಬಹುದು.